ರಾಮದೇವರ ಬೆಟ್ಟದ ರಣಹದ್ದು, ಚಿಕ್ಕಪ್ಪನ ಹಸು

ಬೆಂಗಳೂರಲ್ಲಿ ಕ್ಯಾಮೆರಾ ಕೊಂಡವರು ಹಕ್ಕಿ ಫೋಟೊಗೆ ಅಂತ ಹೊರಟರೆ ಸಾಮಾನ್ಯವಾಗಿ ರಂಗನತಿಟ್ಟಿಗೆ ಹೋಗುತ್ತಾರೆ, ಇಲ್ಲ ಕೊಕ್ಕರೆ ಬೆಳ್ಳೂರಿಗೆ. ರಂಗನತಿಟ್ಟಿನ ದೋಣಿಯಲ್ಲಿ ಕೂತರೆ ಸಾಕು, ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಎಲ್ಲ ಲೆನ್ಸಿನ ತುಂಬ ಸಿಗುತ್ತವೆ. ಅದೇ ದಾರಿಯಲ್ಲಿ, ಅಷ್ಟು ದೂರವೂ ಹೋಗದೆ, ಸುಮಾರು 50 ಕಿಲೋಮೀಟರಿಗೇ ಸಿಗುವ ರಾಮದೇವರ ಬೆಟ್ಟಕ್ಕೆ ಹಕ್ಕಿಗೋಸ್ಕರ ಹೋಗುವವರು ಕಮ್ಮಿ. ಅಲ್ಲಿಗೆ ಜನ ಬರುವುದು ದೇವಸ್ಥಾನಕ್ಕೆ, ಇಲ್ಲವೇ ಬಂಡೆ ನೋಡುವುದಕ್ಕೆ. ಆದರೆ ಅದು ರಣಹದ್ದುಗಳಿಗಾಗಿಯೇ ಮೀಸಲಾದ ದೇಶದ ಮೊದಲ ಅಭಯಾರಣ್ಯ. 2012ರಲ್ಲಿ ಘೋಷಣೆಯಾಯಿತು, ವಿಸ್ತೀರ್ಣ ಸುಮಾರು 346 ಹೆಕ್ಟೇರ್. ಈಗಂತೂ ರಾಮನಗರ ಜಿಲ್ಲೆಗೇ ಬೆಂಗಳೂರು ದಕ್ಷಿಣ ಅಂತ ಹೆಸರಾಗಿದೆ. ಅಂದರೆ ಇವು ನಮ್ಮ ಊರಿನ ರಣಹದ್ದುಗಳು ಅಂತಲೇ ನಾನು ಹೇಳುತ್ತೇನೆ.

ಯುಗಾದಿ ಕಳೆದ ವಾರ ಗೆಳತಿಯ ಜೊತೆ ಕೆಂಗೇರಿಯಲ್ಲಿ ಬೆಳಗಿನ ರೈಲು ಹತ್ತಿದೆ. ರಾಮನಗರದಲ್ಲಿ ಇಳಿದು, ಸ್ಟೇಷನ್ ಹತ್ತಿರ ಇಡ್ಲಿ ತಿಂದು, ಆಟೊದಲ್ಲಿ ಬೆಟ್ಟದ ಬುಡ. ಗೇಟಿನಲ್ಲಿ ಟಿಕೆಟ್ ಕೊಟ್ಟ ಅರಣ್ಯ ಇಲಾಖೆಯ ಹುಡುಗ ನನ್ನ ಉದ್ದ ಲೆನ್ಸ್ ನೋಡಿ, "ಹದ್ದು ನೋಡೋಕಾ ಮೇಡಂ? ಬಿಸಿಲು ಏರಬೇಕು. ಈಗ ಎಲ್ಲೂ ಏಳಲ್ಲ" ಅಂದ.

ಅವನು ಹೇಳಿದ್ದು ಸರಿ. ಗುಬ್ಬಿ, ಪಿಕಳಾರದ ಫೋಟೊ ಬೇಕಾದರೆ ಸೂರ್ಯ ಹುಟ್ಟುವ ಹೊತ್ತಿಗೇ ಅಲ್ಲಿರಬೇಕು. ರಣಹದ್ದಿನ ಲೆಕ್ಕ ಬೇರೆ. ಅಷ್ಟು ಭಾರದ ಹಕ್ಕಿ ರೆಕ್ಕೆ ಬಡಿದು ಬಡಿದು ಮೇಲೇರುವುದಿಲ್ಲ. ಬಂಡೆ ಕಾಯಬೇಕು, ಬಂಡೆಯ ಮೇಲಿನ ಗಾಳಿ ಬಿಸಿಯಾಗಿ ಮೇಲೇಳಬೇಕು, ಆ ಗಾಳಿ ಹಿಡಿದು ಅದು ಸುತ್ತು ಹಾಕುತ್ತಾ ಏರುತ್ತದೆ. ಫೋಟೊ ತೆಗೆಯುವವರಿಗೆ ಇದು ಕಷ್ಟವೇ. ಬೆಳಕು ಚೆನ್ನಾಗಿರುವಾಗ ಹಕ್ಕಿ ಇರುವುದಿಲ್ಲ, ಹಕ್ಕಿ ಬರುವಾಗ ಬೆಳಕು ಮುಖಕ್ಕೆ ಹೊಡೆಯುತ್ತದೆ, ಬಿಸಿ ಗಾಳಿಗೆ ದೂರದ್ದೆಲ್ಲ ನಡುಗುತ್ತದೆ. ಆದರೂ ಕಾಯುವ ಆ ಎರಡು ಗಂಟೆ ನನಗೆ ಬಹಳ ಇಷ್ಟ. ಬೆಟ್ಟದಲ್ಲಿ ಬೇರೆ ಯಾರ‍್ಯಾರು ಬದುಕುತ್ತಿದ್ದಾರೆ ಅಂತ ಗೊತ್ತಾಗುವುದು ಆಗಲೇ.

ಮೆಟ್ಟಿಲ ಪಕ್ಕದ ಬಂಡೆಯ ಮೇಲೆ ಒಂದು ಓತಿಕ್ಯಾತ ಕೂತಿತ್ತು. ಗಂಡು. ತಲೆಯಿಂದ ಬೆನ್ನಿನವರೆಗೆ ಕೆಂಪು, ಪಕ್ಕೆ ಮತ್ತು ಕಾಲು ಇದ್ದಲಿನಂಥ ಕಪ್ಪು. ನಾನು ಹೊಟ್ಟೆಯ ಮೇಲೆ ಮಲಗಿ ಲೆನ್ಸನ್ನು ಅದರ ಕಣ್ಣಿನ ಮಟ್ಟಕ್ಕೆ ತಂದೆ. ಮೇಲಿನಿಂದ ತೆಗೆದರೆ ಅದು ಬಂಡೆ ಮೇಲಿನ ಹಲ್ಲಿ ಅಷ್ಟೇ. ಅದರ ಮಟ್ಟಕ್ಕೆ ಇಳಿದರೆ ಗಂಟಲ ಚರ್ಮದ ಮಡಿಕೆ, ಕಣ್ಣಿನ ಸುತ್ತಲಿನ ಸಣ್ಣ ಸಣ್ಣ ಹುರುಪೆ, ಬಂಡೆ ಹಿಡಿದ ಉಗುರು ಎಲ್ಲ ಕಾಣುತ್ತವೆ. ಅಷ್ಟರಲ್ಲಿ ಇನ್ನೊಂದು ಗಂಡು ಬಂಡೆಯ ಅಂಚಿಗೆ ಬಂತು. ಇದು ಮುಂಗಾಲು ಊರಿ ಗರಡಿಯಲ್ಲಿ ದಂಡ ಹೊಡೆಯುವವರ ಹಾಗೆ ಮೇಲೆ ಕೆಳಗೆ ಮಾಡಿತು. ಬೆನ್ನಿನ ಬಣ್ಣ ನೋಡನೋಡುತ್ತಲೇ ಬೇರೆಯಾಯಿತು. ಇವು ಹೆಣ್ಣನ್ನು ಒಲಿಸುವಾಗ ಒಂದು ಬಣ್ಣ, ಜಗಳಕ್ಕೆ ನಿಂತಾಗ ಇನ್ನೊಂದು ಬಣ್ಣ ತೋರಿಸುತ್ತವೆ. ಅದೂ ಸೆಕೆಂಡುಗಳಲ್ಲಿ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಪ್ರಾಣಿಯ ಮೇಲೆ ಚೆನ್ನಾಗಿ ಕೆಲಸ ಮಾಡಿದ್ದಾರೆ. ಬೆಂಗಳೂರಿನ ಅಂಚಿನಲ್ಲಿ, ಮನೆ ಕಟ್ಟಡಗಳ ನಡುವೆ ಬದುಕುವ ಓತಿಕ್ಯಾತಗಳ ಬಣ್ಣ ಹಳ್ಳಿ ಕಡೆಯವಕ್ಕಿಂತ ಮಂಕು ಅಂತ ಅವರು ಕಂಡುಕೊಂಡಿದ್ದಾರೆ. ಬೆಟ್ಟದ ಈ ಕೆಂಪು ನೋಡಿದ ಮೇಲೆ ಅದು ಎಂಥ ನಷ್ಟ ಅಂತ ಅರ್ಥವಾಯಿತು.

ಹಳದಿ ಕೊರಳಿನ ಪಿಕಳಾರದ ಕೂಗು ಒಂದೆರಡು ಸಲ ಕೇಳಿತು, ಹಕ್ಕಿ ಪೊದೆಯಿಂದ ಆಚೆ ಬರಲಿಲ್ಲ. ದಕ್ಷಿಣ ಭಾರತದ ಇಂಥ ಕಲ್ಲು ಗುಡ್ಡಗಳನ್ನು ಬಿಟ್ಟರೆ ಅದು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಮಂಗಗಳಂತೂ ಬ್ಯಾಗಿನ ಜಿಪ್ ಮೇಲೇ ಕಣ್ಣಿಟ್ಟಿದ್ದವು. ದೇವಸ್ಥಾನಕ್ಕೆ ಬಂದವರು ಬಾಳೆಹಣ್ಣು, ಚಿಪ್ಸ್ ಹಾಕಿ ಹಾಕಿ ಅವಕ್ಕೆ ಅಭ್ಯಾಸವಾಗಿಬಿಟ್ಟಿದೆ. ದಯವಿಟ್ಟು ಹಾಕಬೇಡಿ.

ಒಂಬತ್ತು ದಾಟಿದ ಮೇಲೆ ಗೆಳತಿ ಬೈನಾಕ್ಯುಲರ್ ಇಳಿಸದೆ ನನ್ನ ತೋಳು ಹಿಡಿದಳು. ಎದುರಿನ ಬಂಡೆಗೋಡೆಯಲ್ಲಿ ಸುಣ್ಣ ಸುರಿದ ಹಾಗೆ ಬಿಳಿ ಗೆರೆಗಳು ಇಳಿದಿದ್ದವು. ರಣಹದ್ದು ವರ್ಷಗಟ್ಟಲೆ ಕೂತ ಜಾಗ ಗುರುತಿಸುವುದು ಆ ಹಿಕ್ಕೆಯಿಂದಲೇ. ಅದರ ಮೇಲಿನ ಸಣ್ಣ ಚಾಚಿನಲ್ಲಿ ಉದ್ದ ಕೊಕ್ಕಿನ ರಣಹದ್ದು. ಈ ಜಾತಿ ಗೂಡು ಮಾಡುವುದು ಇಂಥ ಕಡಿದಾದ ಬಂಡೆಯಲ್ಲೇ. ಇಡುವುದು ವರ್ಷಕ್ಕೆ ಒಂದೇ ಮೊಟ್ಟೆ. ಈ ಬಂಡೆ ಕ್ಲೋಸ್‌ಪೇಟೆ ಗ್ರಾನೈಟು, ರಾಮನಗರದ ಹಳೆಯ ಹೆಸರನ್ನೇ ಭೂವಿಜ್ಞಾನಿಗಳು ಅದಕ್ಕೆ ಇಟ್ಟಿದ್ದಾರೆ, ವಯಸ್ಸು ಸುಮಾರು 250 ಕೋಟಿ ವರ್ಷ. ಅಷ್ಟು ಗಟ್ಟಿ ಮನೆ ಇದ್ದೂ ಈ ಬೆಟ್ಟದಲ್ಲಿ ಉಳಿದಿರುವ ಈ ಜಾತಿಯ ಹಕ್ಕಿಗಳನ್ನು ಬೆರಳಲ್ಲಿ ಎಣಿಸಬಹುದು.

ಅದು ಕುತ್ತಿಗೆ ಚಾಚಿತು, ರೆಕ್ಕೆ ಅರ್ಧ ಬಿಚ್ಚಿ ಬಿಸಿಲಿಗೆ ಹಿಡಿಯಿತು, ಆಮೇಲೆ ಸುಮ್ನೆ ಗಾಳಿಗೆ ಒರಗಿತು. ಬಿದ್ದೇ ಹೋಯಿತು ಅನ್ನುವಷ್ಟರಲ್ಲಿ ಎರಡು ಮೀಟರಿನಷ್ಟು ಅಗಲದ ರೆಕ್ಕೆ ಪೂರ್ತಿ ತೆರೆದುಕೊಂಡಿತು. ಬೆಳ್ಳಗಿನ ಆಕಾಶದ ಮುಂದೆ ಕಂದು ಹಕ್ಕಿ, ಕ್ಯಾಮೆರಾ ಹೇಳಿದಂತೆ ಕೇಳಿದರೆ ಬರೀ ಕಪ್ಪು ನೆರಳು ಬರುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪಿಗಿಂತ ಸ್ವಲ್ಪ ಜಾಸ್ತಿ ಏರಿಸಿಟ್ಟಿದ್ದೆ, ಶಟರ್ ಸೆಕೆಂಡಿನ 2000ದಲ್ಲಿ ಒಂದು ಭಾಗಕ್ಕೆ. ಒಂದು ಸುತ್ತಿನಲ್ಲಿ ಅದು ವಾಲಿದಾಗ ಕೂದಲಿಲ್ಲದ ಕಡು ಬಣ್ಣದ ಕತ್ತು, ಬುಡದಲ್ಲಿ ಬಿಳಿ ಪುಕ್ಕದ ಕೊರಳಪಟ್ಟಿ, ಬಲ ರೆಕ್ಕೆಯಲ್ಲಿ ಬಿದ್ದುಹೋದ ಒಂದು ಗರಿಯ ಸಂದಿ ಎಲ್ಲ ಸಿಕ್ಕಿತು. ಅದನ್ನು ಕುರೂಪಿ ಅನ್ನುವವರು ಅದು ಗಾಳಿಯಲ್ಲಿ ತಿರುಗುವುದನ್ನು ನೋಡಿಲ್ಲ. ಡ್ರೋನ್ ತಂದು ಹತ್ತಿರದಿಂದ ತೆಗೆಯುವ ಆಸೆ ಇರುವವರಿಗೆ ಒಂದು ಮಾತು: ಗೂಡಿನಿಂದ ತಾಯಿ ಎದ್ದುಹೋದರೆ ಆ ವರ್ಷದ ಒಂದೇ ಮೊಟ್ಟೆ ಹೋದಂತೆ. ದೂರದಿಂದ ಸಣ್ಣದಾಗಿ ಬಂದ ಫೋಟೊವೇ ಸರಿಯಾದ ಫೋಟೊ.

ಮುಂದಿನ ಭಾನುವಾರ ಮಾಗಡಿ ಕಡೆ ನಮ್ಮ ಊರಿಗೆ ಹೋದಾಗ ಫೋಟೊ ಚಿಕ್ಕಪ್ಪನಿಗೆ ತೋರಿಸಿದೆ. ಅವರು ಹಸು ಸಾಕುತ್ತಾರೆ, ಡೈರಿಗೆ ಹಾಲು ಹಾಕುತ್ತಾರೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು.

"ಇದು ಇನ್ನೂ ಇದೆಯಾ? ನಾವು ಚಿಕ್ಕವರಾಗಿದ್ದಾಗ ಎತ್ತು ಸತ್ರೆ ಊರಾಚೆ ಎಳ್ಕೊಂಡು ಹೋಗಿ ಹಾಕ್ತಿದ್ವಿ ಕಣಮ್ಮ. ಮಧ್ಯಾಹ್ನಕ್ಕೆಲ್ಲ ಗುಂಪು ಬರೋದು. ಮಾರನೇ ದಿನಕ್ಕೆ ಬರೀ ಮೂಳೆ. ಆಮೇಲೆ ಅದೇನಾಯ್ತೋ, ಬರೋದೇ ನಿಲ್ಸಿಬಿಟ್ವು."

ಏನಾಯಿತು ಅಂತ ಅವರಿಗೆ ಹೇಳಿದೆ. ಹಸುವಿನ ನೋವಿಗೆ, ಊತಕ್ಕೆ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಟ್ಟು, ಸ್ವಲ್ಪ ದಿನದಲ್ಲೇ ಹಸು ಸತ್ತರೆ ಔಷಧಿ ಮಾಂಸದಲ್ಲಿ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಅದು ಸಾಯುತ್ತದೆ. 90ರ ದಶಕದಿಂದ ಹದಿನೈದು ವರ್ಷದೊಳಗೆ ದೇಶದಲ್ಲಿ ಉದ್ದ ಕೊಕ್ಕಿನ ರಣಹದ್ದು ಶೇಕಡ 95ಕ್ಕಿಂತ ಜಾಸ್ತಿ ಕಮ್ಮಿಯಾಯಿತು. ಕಾರಣ ಈ ಔಷಧಿ ಅಂತ 2004ರಲ್ಲಿ ಗೊತ್ತಾಯಿತು, 2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಿದರು. ಆಮೇಲೂ ಮನುಷ್ಯರಿಗೆ ಅಂತ ಮಾಡಿದ ದೊಡ್ಡ ಬಾಟಲಿಗಳನ್ನೇ ಹಸುಗಳಿಗೆ ಬಳಸುತ್ತಿದ್ದರು. 2015ರಲ್ಲಿ ಅದನ್ನೂ 3 ಎಂ.ಎಲ್. ಒಂದು ಡೋಸಿಗೆ ಇಳಿಸಿದರು. ರಣಹದ್ದಿಗೆ ಇದೇ ಥರ ಅಪಾಯವಾದ ಬೇರೆ ನೋವಿನ ಔಷಧಿಗಳೂ ಇವೆ. 2023ರಲ್ಲಿ ಜಾನುವಾರುಗಳಿಗೆ ಅಸಿಕ್ಲೋಫೆನಾಕ್, ಕೀಟೊಪ್ರೊಫೆನ್ ನಿಷೇಧವಾದವು, 2024ರ ಕೊನೆಗೆ ನಿಮೆಸುಲೈಡ್.

"ಹಂಗಾದ್ರೆ ಕೆಚ್ಚಲು ಬಾವು ಬಂದ್ರೆ ಏನು ಕೊಡೋದು? ನೋವು ತಿನ್ಕೊಂಡು ನಿಂತ್ಕೋ ಅನ್ನೋಕಾಗುತ್ತಾ ಹಸುಗೆ?" ಚಿಕ್ಕಪ್ಪ ಕೇಳಿದ ಈ ಪ್ರಶ್ನೆ ನ್ಯಾಯವಾದದ್ದು. ಹಕ್ಕಿ ಪ್ರೀತಿಸುವ ನಾವು ಬೆಂಗಳೂರಲ್ಲಿ ಕೂತು ರೈತರಿಗೆ ಬುದ್ಧಿ ಹೇಳುವ ಮೊದಲು ಇದಕ್ಕೆ ಉತ್ತರ ಇಟ್ಟುಕೊಂಡಿರಬೇಕು. ಉತ್ತರ ಇದೆ. ಮೆಲಾಕ್ಸಿಕಾಮ್ ಅನ್ನುವ ಔಷಧಿ ಹಸುವಿನ ನೋವಿಗೂ ಆಗುತ್ತದೆ, ರಣಹದ್ದಿಗೂ ತೊಂದರೆ ಇಲ್ಲ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. "ಡಾಕ್ಟ್ರು ಬಂದಾಗ ನೀವು ಹೆಸರು ಹೇಳಿ ಕೇಳಿ ಚಿಕ್ಕಪ್ಪ" ಅಂದೆ. ಅವರು ಹಾಲಿನ ಲೆಕ್ಕದ ಪುಸ್ತಕದ ಹಿಂದುಗಡೆ ಬರೆದುಕೊಂಡರು.

ಆಮೇಲೆ ಅವರೇ ಇನ್ನೊಂದು ಮಾತು ತೆಗೆದರು. "ಈಗ ಸತ್ತ ದನನೆಲ್ಲ ಜೆಸಿಬಿ ಕರೆಸಿ ಹೂಳ್ತೀವಿ. ಆಚೆ ಹಾಕಿದ್ರೆ ನಾಯಿ ಹಿಂಡು ಸೇರ್ತವೆ, ಮಕ್ಕಳು ಓಡಾಡೋಕಾಗಲ್ಲ. ಹಿಂಗಾದ್ರೆ ಹದ್ದು ತಿನ್ನೋದೇನು?" ನಾನು ಎಷ್ಟೋ ದಿನದಿಂದ ಯೋಚಿಸುತ್ತಿದ್ದದ್ದೂ ಇದನ್ನೇ. ಮಹಾರಾಷ್ಟ್ರದಲ್ಲಿ ಕೆಲವು ಕಡೆ ಬೇಲಿ ಹಾಕಿದ ಜಾಗ ಮಾಡಿ, ಸುರಕ್ಷಿತ ಅಂತ ಖಾತ್ರಿ ಮಾಡಿಕೊಂಡ ದನದ ಕಳೇಬರವನ್ನು ರಣಹದ್ದುಗಳಿಗೆ ಇಡುತ್ತಾರೆ. ಅದನ್ನು ಅವರಿಗೆ ವಿವರಿಸಿದೆ.

ಚಿಕ್ಕಪ್ಪ ಫೋಟೊದ ದೊಡ್ಡ ಪ್ರಿಂಟ್ ಒಂದು ಕೇಳಿದ್ದಾರೆ, ಡೈರಿಯಲ್ಲಿ ಅಂಟಿಸಲಿಕ್ಕೆ. ಕೆಳಗೆ ಕೊಡಬಾರದ ಔಷಧಿಗಳ ಹೆಸರು, ಕೊಡಬಹುದಾದ್ದರ ಹೆಸರು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಇರಬೇಕಂತೆ. ನಮ್ಮ ಕಡೆಯೂ ಅಂಥ ಬೇಲಿ ಹಾಕಿದ ಜಾಗ ಮಾಡಿ ಅಂತ ಅರಣ್ಯ ಇಲಾಖೆಗೆ ಒಂದು ಅರ್ಜಿಯೂ ಬರೆದುಕೊಡಬೇಕಂತೆ, ಹಾಲಿನ ಸಂಘದ ಮೀಟಿಂಗಿನಲ್ಲಿ ಸಹಿ ಹಾಕಿಸುತ್ತಾರೆ. "ಮೊದಲು ಡಾಕ್ಟ್ರನ್ನ ಕೇಳ್ಕೊಂಡು ಬರಿ" ಅಂತ ಬಸ್ ಹತ್ತಿಸುವಾಗ ಹೇಳಿದರು. "ಇಂಜೆಕ್ಷನ್ ಕೊಟ್ಟು ಎಷ್ಟು ದಿನ ಆಗಿದ್ರೆ ಇಡಬಹುದು, ಯಾರು ನೋಡಿ ಸರಿ ಅಂತ ಹೇಳ್ಬೇಕು, ಸಾಗಿಸೋ ಖರ್ಚು ಯಾರದು, ಎಲ್ಲ ಅದರಲ್ಲಿ ಇರಲಿ."