ಭಾಷಣದ ಉದ್ಯೋಗ, ಸಮೀಕ್ಷೆಯ ಉದ್ಯೋಗ

ಮೈಸೂರಿನ ಮಹಾರಾಜ ಕಾಲೇಜು ಮೈದಾನವಿರಲಿ, ಮಂಡ್ಯದ ಸಿಲ್ವರ್ ಜ್ಯೂಬಿಲಿ ಪಾರ್ಕಿರಲಿ, ಚುನಾವಣೆ ಬಂತೆಂದರೆ ಎರಡು ಮಾತು ಕೇಳಿಸುತ್ತವೆ. ಒಂದು ಕಡೆಯವರು ‘ನಿರುದ್ಯೋಗ ಅರ್ಧಕ್ಕೆ ಇಳಿದಿದೆ’ ಎನ್ನುತ್ತಾರೆ. ಇನ್ನೊಂದು ಕಡೆಯವರು ‘ಸಂಬಳದ ಕೆಲಸ ಕಡಿಮೆಯಾಗಿದೆ’ ಎನ್ನುತ್ತಾರೆ. ಇಬ್ಬರೂ ಕೈಯಲ್ಲಿ ಹಿಡಿದಿರುವುದು ಪಿಎಲ್‌ಎಫ್‌ಎಸ್, ಅಂದರೆ ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯನ್ನೇ.

ಶೇಕಡಾವಾರು ಬಿಟ್ಟು ತಲೆ ಎಣಿಸಿದರೆ ವಿಷಯ ಬೇಗ ತಿಳಿಯುತ್ತದೆ. ದೇಶದಲ್ಲಿ 15 ವರ್ಷ ದಾಟಿದ 1000 ಜನರನ್ನು ತೆಗೆದುಕೊಳ್ಳಿ. 2017-18ರಲ್ಲಿ ಅವರಲ್ಲಿ 498 ಮಂದಿ ದುಡಿಯುತ್ತಿದ್ದರು, ಕೆಲಸ ಹುಡುಕುತ್ತಿದ್ದರು ಅಥವಾ ಸಿಕ್ಕರೆ ಮಾಡಲು ಸಿದ್ಧರಿದ್ದರು; ಇವರೇ ಕಾರ್ಮಿಕ ಬಲ. ಕೆಲಸ ಇದ್ದದ್ದು 468 ಮಂದಿಗೆ. ಉಳಿದ 30 ಮಂದಿ ನಿರುದ್ಯೋಗಿಗಳು, ದರ ಶೇ 6. 2023-24ರಲ್ಲಿ ಈ ಲೆಕ್ಕ 601 ಮತ್ತು 582. ನಿರುದ್ಯೋಗಿಗಳು 19, ದರ ಶೇ 3.2. ದರ ತೆಗೆಯಲು ನಿರುದ್ಯೋಗಿಗಳ ಸಂಖ್ಯೆಯನ್ನು ಭಾಗಿಸುವುದು ಇಡೀ ಜನಸಂಖ್ಯೆಯಿಂದಲ್ಲ, ಕಾರ್ಮಿಕ ಬಲದಿಂದ. ಹುಡುಕಿ ಸಾಕಾಗಿ, ಇನ್ನು ಕೆಲಸ ಸಿಕ್ಕರೂ ಬೇಡವೆಂದು ಕೈಬಿಟ್ಟ ಪದವೀಧರ ಈ ಲೆಕ್ಕದಲ್ಲಿ ನಿರುದ್ಯೋಗಿಯಲ್ಲ.

ಹಾಗಾದರೆ ಹೆಚ್ಚಿದ 114 ಮಂದಿಗೆ ಎಂಥ ಕೆಲಸ ಸಿಕ್ಕಿತು? ದುಡಿಯುವವರಲ್ಲಿ ನಿಯತ ಸಂಬಳದವರ ಪಾಲು ಶೇ 22.8ರಿಂದ 21.7ಕ್ಕೆ ಇಳಿದಿದೆ. ಆದರೆ ತಲೆ ಲೆಕ್ಕದಲ್ಲಿ ಅದು ಸುಮಾರು 107ರಿಂದ 126ಕ್ಕೆ ಏರಿದೆ. ಪಾಲು ಇಳಿದದ್ದನ್ನೇ ಕೆಲಸ ಇಳಿಯಿತು ಎಂದು ಹೇಳುವುದು ತಪ್ಪು. ಇನ್ನೊಂದು ಸಾಲು ನೋಡಿ: ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ದುಡಿಯುವವರ ಪಾಲು ಶೇ 13.6ರಿಂದ 19.4ಕ್ಕೆ ಏರಿದೆ, ತಲೆ ಲೆಕ್ಕದಲ್ಲಿ ಸುಮಾರು 64ರಿಂದ 113. ಹೆಚ್ಚಳದಲ್ಲಿ ದೊಡ್ಡ ತುಂಡು ಇದೇ. ‘ಅರ್ಧಕ್ಕೆ ಇಳಿಯಿತು’ ಎನ್ನುವವರು ಈ ಸಾಲನ್ನು ಓದುವುದಿಲ್ಲ.

ಮದ್ದೂರು, ಪಾಂಡವಪುರದ ಕಡೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ. ಸ್ವಂತ ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆದು, ಹಸುವಿಗೆ ಹುಲ್ಲು ಹೊತ್ತು, ಡೈರಿಗೆ ಹಾಲು ಹಾಕಿ ಬರುವ ಹೆಂಗಸು ವರ್ಷದಲ್ಲಿ 30 ದಿನ ಹಾಗೆ ದುಡಿದರೂ ವಾರ್ಷಿಕ ಲೆಕ್ಕದಲ್ಲಿ ಉದ್ಯೋಗಸ್ಥೆ. ಹಾಲಿನ ಬಟವಾಡೆ ಗಂಡನ ಖಾತೆಗೆ ಬಿದ್ದರೂ ಅಷ್ಟೇ. ಅವಳ ದುಡಿಮೆಯನ್ನು ಎಣಿಸುವುದು ಸರಿಯೇ, ಎಣಿಸಲೇಬೇಕು. ಆದರೆ ಅದನ್ನು ‘ನಾವು ಸೃಷ್ಟಿಸಿದ ಉದ್ಯೋಗ’ ಎಂದು ವೇದಿಕೆಯ ಮೇಲೆ ಹೇಳುವುದು ಅವಳಿಗೆ ಮಾಡುವ ಅನ್ಯಾಯ. ಹೆಂಗಸರ ಪಾಲ್ಗೊಳ್ಳುವಿಕೆ ಶೇ 23.3ರಿಂದ 41.7ಕ್ಕೆ ಏರಿತು ಎಂದು ಯಾರಾದರೂ ಹೇಳಿದರೆ, ಅದರಲ್ಲಿ ಕೂಲಿ ಸಿಗುವವರೆಷ್ಟು ಎಂದು ಕೇಳಿ.

ವಿರೋಧದ ಕಡೆಯ ಯಡವಟ್ಟು ಬೇರೆ ಬಗೆಯದು. 2025ರ ಏಪ್ರಿಲ್‌ನಿಂದ ಪ್ರತಿ ತಿಂಗಳ ದರವೂ ಪ್ರಕಟವಾಗುತ್ತಿದೆ. ಆ ಮೊದಲ ತಿಂಗಳದು ಶೇ 5.1. ಅದನ್ನು 3.2ರ ಪಕ್ಕ ಇಟ್ಟು ‘ಏರಿತು’ ಎನ್ನಬಾರದು. ವಾರ್ಷಿಕ ದರ ಹಿಂದಿನ 365 ದಿನ ನೋಡುತ್ತದೆ, ಮಾಸಿಕ ದರ ಹಿಂದಿನ 7 ದಿನ ಮಾತ್ರ. ಅದೇ ವಾರದ ಅಳತೆಯಲ್ಲಿ 2023-24ರ ದರ ಶೇ 4.9 ಇತ್ತು. ಜೊತೆಗೆ 2025ರ ಜನವರಿಯಲ್ಲಿ ಸ್ಯಾಂಪಲ್ ವಿಧಾನವೇ ಬದಲಾಗಿದೆ. ಆ ವಾರದಲ್ಲಿ ಒಂದು ಗಂಟೆ ದುಡಿದವರೂ ಉದ್ಯೋಗಸ್ಥರೇ ಎಂಬುದನ್ನೂ ನೆನಪಿಡಿ.

ಇಪಿಎಫ್‌ಗೆ, ಅಂದರೆ ನೌಕರರ ಭವಿಷ್ಯ ನಿಧಿಗೆ, ಪ್ರತಿ ತಿಂಗಳು ಸೇರುವ ಹೊಸ ಸದಸ್ಯರ ಅಂಕಿ ಇನ್ನೊಂದು ಅಸ್ತ್ರ. ನಂಜನಗೂಡಿನ ಕಾರ್ಖಾನೆಯಲ್ಲಿ ಮೊದಲಿಂದಲೂ ದುಡಿಯುತ್ತಿದ್ದ ಗುತ್ತಿಗೆ ಕಾರ್ಮಿಕನಿಗೆ ಈ ತಿಂಗಳು ಪಿಎಫ್ ಖಾತೆ ತೆರೆದರೆ ಅವನೂ ಹೊಸ ಸದಸ್ಯ. ಕೆಲಸ ಭದ್ರವಾಯಿತು, ಒಳ್ಳೆಯದೇ, ಹೊಸದಾಗಿ ಹುಟ್ಟಲಿಲ್ಲ. ಬಿಟ್ಟು ಹೋದವರ ಲೆಕ್ಕ ತಡವಾಗಿ ಸೇರುವುದರಿಂದ ಹಳೆಯ ತಿಂಗಳ ಅಂಕಿಗಳೂ ತಿದ್ದುಪಡಿಯಾಗುತ್ತಲೇ ಇರುತ್ತವೆ. ಹೂಡಿಕೆದಾರರ ಸಮಾವೇಶದ ಒಡಂಬಡಿಕೆಗಳಲ್ಲಿ ಬರುವ ‘ಇಷ್ಟು ಲಕ್ಷ ಉದ್ಯೋಗ’ ಕೇವಲ ಮಾತುಕೊಟ್ಟದ್ದು, ಎಣಿಸಿದ್ದಲ್ಲ.

ಕರಪತ್ರದಲ್ಲಿ ‘ಮಂಡ್ಯ ಜಿಲ್ಲೆಯ ನಿರುದ್ಯೋಗ ದರ’ ಎಂದು ಕಂಡರೆ ಇನ್ನಷ್ಟು ಎಚ್ಚರ ಬೇಕು. 2025ಕ್ಕೆ ಮುಂಚಿನ ಸ್ಯಾಂಪಲ್ ಜಿಲ್ಲಾ ಮಟ್ಟದ ಅಂದಾಜಿಗೆಂದು ರೂಪಿಸಿದ್ದಲ್ಲ. ಜಿಲ್ಲೆಯನ್ನು ಮೂಲ ಘಟಕ ಮಾಡಿಕೊಂಡದ್ದು ಆಮೇಲೆ. ಸಮೀಕ್ಷೆಯ ಕಚ್ಚಾ ದತ್ತಾಂಶ ಕೇಂದ್ರ ಸಾಂಖ್ಯಿಕ ಸಚಿವಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮಾನಸಗಂಗೋತ್ರಿಯ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ಇಳಿಸಿಕೊಂಡು, ಹಳೆಯ ವರ್ಷಗಳ ಕಡತದಲ್ಲಿ ಮಂಡ್ಯದಿಂದ ಬಂದ ಕುಟುಂಬಗಳೆಷ್ಟು ಎಂದು ಮೊದಲು ಎಣಿಸಲಿ. ಆ ಕರಪತ್ರದ ದರ ಎಷ್ಟು ಮನೆಗಳ ಮೇಲೆ ನಿಂತಿದೆ ಎಂಬುದು ಆಗ ಗೊತ್ತಾಗುತ್ತದೆ.