ಮೊದಲ ಪುಟದ ಚಿತ್ರ

ಇವತ್ತಿನ ಮೀಟಿಂಗ್ ಪೂರ್ತಿ ಒಂದು ಸ್ಕ್ರೀನ್‌ಶಾಟ್ ಮೇಲೇ ಹೋಯ್ತು.

ನಮ್ಮ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನ ವೆಬ್‌ಸೈಟ್‌ನಲ್ಲಿ ಏನೇನು ಇರಬೇಕು ಅಂತ ಕೂತಿದ್ದೆವು. ಎಲ್ಲರೂ ಸ್ವಯಂಸೇವಕರೇ. ಲೈಸೆನ್ಸ್, ಸೋರ್ಸ್ ಕೋಡ್, ದೇಣಿಗೆ ಪುಟ, ಎಲ್ಲಾ ಬೇಗ ಮುಗೀತು. ಆದರೆ ಮೊದಲ ಪುಟದ ಚಿತ್ರ? ಮೇಲೆ ಮೆನು, ಪಕ್ಕದಲ್ಲಿ ಟೂಲ್‌ಗಳ ಸಾಲು, ನಡುವೆ ಬರೀ ಬಿಳಿ.

"ಇದನ್ನ ನೋಡಿದ್ರೆ ಹೊಸಬರಿಗೆ ಏನು ಗೊತ್ತಾಗುತ್ತೆ?" ಅಂತ ಗೆಳತಿ ಕೇಳಿದಳು.

ಕೋಡ್ ಬರೆದವರಿಗೆ ಆ ಒಂದೊಂದು ಐಕಾನ್ ಹಿಂದಿನ ಶ್ರಮ ಗೊತ್ತು. ಹೊಸಬರಿಗೆ ಬೇಕಿರೋದು ಒಂದೇ, ನನ್ನ ಕೆಲಸ ಇದರಲ್ಲಿ ಆಗುತ್ತಾ? ಕೊನೆಗೆ ಅರ್ಧ ಬಣ್ಣ ತುಂಬಿದ ಒಂದು ಪೋಸ್ಟರ್ ತೆರೆದಿಟ್ಟು ಹೊಸ ಚಿತ್ರ ತೆಗೆದೆವು. ಲೇಯರ್‌ಗಳು ಕಾಣುತ್ತವೆ, ಹಕ್ಕಿಯ ರೆಕ್ಕೆಗೆ ಇನ್ನೂ ಬಣ್ಣ ಬಿದ್ದಿಲ್ಲ. ಎಷ್ಟು ಚೆನ್ನಾಗಿದೆ ಗೊತ್ತಾ!

ಪ್ರಚಾರ ಅಂದ್ರೆ ನಮ್ಮಲ್ಲಿ ಕೆಲವರಿಗೆ ಈಗಲೂ ಮುಜುಗರ. ನನಗಿಲ್ಲ. 2004ರಲ್ಲಿ ಫೈರ್‌ಫಾಕ್ಸ್ ಬ್ರೌಸರ್‌ನ 1.0 ಆವೃತ್ತಿ ಬಂದಾಗ ಜನರೇ ದುಡ್ಡು ಹಾಕಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಎರಡು ಪುಟದ ಜಾಹೀರಾತು ಕೊಟ್ಟಿದ್ದರು. ದುಡ್ಡು ಕೊಟ್ಟ ಸಾವಿರಾರು ಜನರ ಹೆಸರೂ ಅದರಲ್ಲಿತ್ತು. ಒಳ್ಳೇದನ್ನ ನಾಲ್ಕು ಜನಕ್ಕೆ ಹೇಳೋದೂ ಕೊಡುಗೆಯೇ ಅಲ್ವಾ? ಪ್ಯಾಚ್, ಅಂದ್ರೆ ಕೋಡ್‌ಗೆ ತಿದ್ದುಪಡಿ, ಕಳಿಸಿದಷ್ಟೇ ದೊಡ್ಡದು ಅಂತ ನಾನು ನಂಬುತ್ತೇನೆ.

ಇನ್ನು ಪ್ರತಿ ಹೊಸ ಆವೃತ್ತಿಗೂ ಈ ಚಿತ್ರ ಬದಲಾಯಿಸಬೇಕು. ಆ ಕೆಲಸ ನಾನು ಕೇಳಿ ತಗೊಂಡೆ. ನೀವು ಬಿಡಿಸಿದ್ದು ಏನಾದರೂ ಇದ್ದರೆ ಕಳಿಸಿ, ಅರ್ಧ ಆಗಿದ್ದರೂ ಪರವಾಗಿಲ್ಲ.