ಚಂಚಿ ಹೋಗಿ ಚೀಟಿ ಬಂತು

ಅಕ್ಬರನಿಗೆ ತಂಬಾಕು ತೋರಿಸಿದ್ದು ನಮ್ಮ ವಿಜಯಪುರ ಅಂದರೆ ಯಾರೂ ನಂಬೋದಿಲ್ಲ. ಆದರೆ ನಿಜ. ಆದಿಲ್‌ಶಾಹಿ ದರ್ಬಾರಿಗೆ ಬಂದಿದ್ದ ಮೊಘಲ್ ರಾಯಭಾರಿ ಅಸದ್ ಬೇಗ್, ಇಲ್ಲಿ ತಂಬಾಕು ನೋಡಿ, 1604ರ ಸುಮಾರಿಗೆ ರತ್ನ ಕೂಡಿಸಿದ ಹುಕ್ಕಾ ಸಮೇತ ಒಯ್ದು ಬಾದಶಹನ ಮುಂದಿಟ್ಟ. ಇದನ್ನು ಅವನೇ ಬರೆದಿಟ್ಟಿದ್ದಾನೆ. ಅಕ್ಬರ್ ಎರಡು ಮೂರು ದಮ್ಮು ಎಳೆದ, ಹಕೀಮ ಬೇಡ ಅಂದ.

ಅಂದರೆ ತಂಬಾಕು ಹೊಸದಲ್ಲ, ಕೆಟ್ಟದ್ದು ಅನ್ನೋ ಮಾತೂ ಹೊಸದಲ್ಲ. ಬದಲಾಗಿದ್ದು ಅದನ್ನು ಸೇವಿಸೋಕೆ ಹಿಡಿಯೋ ಹೊತ್ತು. ನನಗೆ ಮುಖ್ಯ ಅನಿಸೋದು ಇದೇ.

ಮುತ್ಯಾನ ಕಾಲದಲ್ಲಿ ಸೊಂಟದಲ್ಲಿ ಚಂಚಿ ಇರುತ್ತಿತ್ತು. ಅದರೊಳಗೆ ಎಲೆ, ಅಡಿಕೆ, ತಂಬಾಕು, ಸುಣ್ಣದ ಡಬ್ಬಿ. ಚಂಚಿ ಬಿಚ್ಚಬೇಕು, ಎಸಳು ಮುರೀಬೇಕು, ಸುಣ್ಣ ಹಚ್ಚಿ ತಿಕ್ಕಬೇಕು, ಪಕ್ಕದಲ್ಲಿ ಕೂತವನಿಗೂ ಒಂದು ಚಿಟಿಕೆ ಕೊಡಬೇಕು, ಇಷ್ಟೆಲ್ಲ ಆದಮೇಲೆ ಬಾಯಿಗೆ. ಚಿಲುಮೆಗಂತೂ ಕೆಂಡ ಹುಡುಕಬೇಕಿತ್ತು. ಅದೇನು ಒಳ್ಳೇ ಚಟ ಅಲ್ಲ, ಆಗಲೂ ಬಾಯಿ ಹುಣ್ಣಾಗಿ ಸತ್ತವರಿದ್ದರು. ಆದರೆ ಕೈಗೆ ಅಷ್ಟು ಕೆಲಸ ಇದ್ದಾಗ ಗಂಟೆಗೆ ನಾಲ್ಕು ಸಲ ಹಾಕೋಕೆ ಬೇಜಾರು ಬರುತ್ತಿತ್ತು, ಅಲ್ವಾ?

ಬೀಡಿ ಆ ಕೆಲಸವನ್ನು ಬೇರೆಯವರ ಕೈಗೆ ದಾಟಿಸಿತು. ನಿಪ್ಪಾಣಿ ಕಡೆ ಬೆಳೆಯೋದು ಮುಖ್ಯವಾಗಿ ಬೀಡಿ ತಂಬಾಕೇ. ಸೇದೋನಿಗೆ ಕಡ್ಡಿ ಗೀರೋದಷ್ಟೇ ಕೆಲಸ. ಘಾಟಿನಲ್ಲಿ ತಂಬಾಕು ಕುಟ್ಟಿ ಜರಡಿ ಹಿಡಿಯೋ ಹೆಂಗಸರು, ಎಲೆ ಕತ್ತರಿಸಿ ಸುತ್ತೋ ಹೆಂಗಸರು ಅವನ ಕಣ್ಣಿಗೆ ಬೀಳೋದೇ ಇಲ್ಲ. ಬೆಳೆದವನಿಗಾದರೂ ಬೆಲೆ ಸಿಕ್ಕಿತಾ? 1981ರಲ್ಲಿ ಅದನ್ನೇ ಕೇಳಿ ರೈತರು ನಿಪ್ಪಾಣಿಯಲ್ಲಿ ಹೆದ್ದಾರಿ ಹಿಡಿದು ಕೂತರು, ಗೋಲಿಬಾರಿನಲ್ಲಿ ಹೆಣ ಬಿದ್ದವು.

ಆಮೇಲೆ ಗುಟ್ಕಾ. ಅಡಿಕೆ, ಸುಣ್ಣ, ಕಾಚು, ತಂಬಾಕು, ಸುವಾಸನೆ ಎಲ್ಲ ಬೆರೆಸಿದ ಚೀಟಿ, ಹಲ್ಲಲ್ಲಿ ಹರಿದು ಸುರಿದುಕೊಂಡರೆ ಮುಗೀತು. ಬೀಡಿ ಸೇದಿದರೆ ಮನೇಲಿ ವಾಸನೆ ಬರುತ್ತೆ, ಇದಕ್ಕೆ ಹೊಗೆಯೂ ಇಲ್ಲ. ಹಾಗಾಗಿ ಶಾಲೆ ಹುಡುಗರ ಕಿಸೆಗೂ ಬಂತು. ಅಡಿಕೆ ಜಾಸ್ತಿ ಇರೋದರಿಂದ ಬಾಯೊಳಗಿನ ಚರ್ಮ ಬಿಗಿದುಕೊಂಡು, ಇಪ್ಪತ್ತೈದರ ಹುಡುಗನಿಗೆ ಭಜಿ ತಿನ್ನೋಕೂ ಬಾಯಿ ತೆರೆಯಲ್ಲ. ಕ್ಯಾನ್ಸರ್ ಬರೋಕೂ ಅದೇ ದಾರಿ.

2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಕಂಪನಿಗಳು ಏನು ಮಾಡಿದವು? ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಒಂದರೊಳಗೆ ಇನ್ನೊಂದನ್ನು ಸುರಿದು ಅಲ್ಲಾಡಿಸಿದರೆ ಅದೇ ಗುಟ್ಕಾ. ಪಾನ್ ಅಂಗಡಿಯವನಿಗೆ ಬಾಯಿಬಿಟ್ಟು ಹೇಳೋದೂ ಬೇಡ, ಜೋಡಿಯಾಗೇ ಹರಿದು ಕೊಡುತ್ತಾನೆ. ಇ-ಸಿಗರೇಟನ್ನು ಮಾತ್ರ ನಮ್ಮೂರ ಅಂಗಡಿಗೆ ಬರೋ ಮುಂಚೆಯೇ, 2019ರಲ್ಲಿ, ಇಡೀ ದೇಶದಲ್ಲಿ ಬಂದ್ ಮಾಡಿದರು. ಅದಕ್ಕಿದ್ದ ಅವಸರ ಈ ಜೋಡಿ ಚೀಟಿಗೆ ಯಾಕಿಲ್ಲ ಅಂತ ಯಾರಾದರೂ ಕೇಳಬೇಕು.